ಕಟ್ಟುಮಂತ್ರಕ್ಕೂ ಕಡಿವಾಣವಿದೆ

ಭೋಸರಿಯ ಓದುಗರೇ, ನಿಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಶತ್ರು ಮಂತ್ರವಾದಿ ‘ಹೋಲ್ಡ್ ಪರ್ಸನ್’ ಎಂಬ ಸ್ತಂಭನ ಮಂತ್ರ ಹಾಕಿದಾಗ ಅದಕ್ಕೆ ಸಿಕ್ಕ ಗೆಳೆಯ ಮುನಿಸಿಕೊಂಡದ್ದು ಸಹಜ. ವಾರವಿಡೀ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಂದವನಿಗೆ ಆಡಬೇಕು, ಸುಮ್ಮನೆ ಕೂರುವುದು ಬೇಡ. ಹಾಗೆಂದು ಮಂತ್ರವನ್ನೇ ನಿಷೇಧಿಸಬೇಡಿ. 2014ರ ನಿಯಮಪುಸ್ತಕದ ಪ್ರಕಾರ ಸಿಕ್ಕಿಬಿದ್ದವನು ತನ್ನ ಪ್ರತಿ ಸರದಿಯ ಕೊನೆಗೆ ಬಿಡಿಸಿಕೊಳ್ಳಲು ಮತ್ತೆ ದಾಳ ಉರುಳಿಸಬಹುದು. ಪೆಟ್ಟು ತಿಂದು ಮಂತ್ರವಾದಿಯ ಏಕಾಗ್ರತೆ ಕೆಟ್ಟರೆ ಮಂತ್ರ ಅಲ್ಲಿಗೇ ಮುಗಿಯಿತು. ಆದ್ದರಿಂದ ಮಂತ್ರವಾದಿಯನ್ನು ಗೋಡೆಯ ಹಿಂದೆ ಅಡಗಿಸಬೇಡಿ. ಉಳಿದವರ ಬಾಣಕ್ಕೆ ಸಿಗುವಂತೆ ನಿಲ್ಲಿಸಿ. ಇನ್ನೊಂದು ಮಾತು: ಸ್ತಂಭಿಸಿದವನಿಗೆ 5 ಅಡಿಯೊಳಗಿಂದ ತಾಗಿದ ಪ್ರತಿ ಏಟೂ ಕ್ರಿಟಿಕಲ್, ಹಾನಿಯ ದಾಳಗಳು ಇಮ್ಮಡಿ. ಮೂವರು ಶತ್ರುಗಳನ್ನು ಒಟ್ಟಿಗೇ ಅವನ ಮೇಲೆ ಬಿಡುವುದು ಅನ್ಯಾಯ. ಒಂದು ಕಾಳಗಕ್ಕೆ ಇಂಥ ಮಂತ್ರ ಒಂದೇ ಸಾಕು. ಕಾಯುವಷ್ಟು ಹೊತ್ತು ಒಬ್ಬ ಶತ್ರುವನ್ನು ಆಡಿಸುವ ಕೆಲಸವನ್ನು ಆ ಗೆಳೆಯನಿಗೇ ಒಪ್ಪಿಸಿ. ಮುಂದಿನ ಭಾನುವಾರವೇ ಮಾಡಿ ನೋಡಿ.