ನೂರಕ್ಕೆ ಹತ್ತು: ಬೀಡಿ ಕೂಲಿಯಲ್ಲಿ ಪಿ.ಎಫ್. ಲೆಕ್ಕ

ಪುತ್ತೂರು, ಸುಳ್ಯ, ಕಡಬದ ಕಡೆ ಬೀಡಿ ಕಟ್ಟುವ ಹೆಂಗಸರು ಇಲ್ಲದ ಊರು ಕಡಿಮೆ. ಮನೆಕೆಲಸ ಮುಗಿಸಿ ಜಗಲಿಯಲ್ಲಿ ಕುಳಿತರೆ ಮಡಿಲಲ್ಲಿ ಮೊರ. ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಕಣ್ಣು ಮುಚ್ಚಿದರೂ ಕೈ ತಪ್ಪುವುದಿಲ್ಲ. ಎಷ್ಟು ಬೀಡಿ ಆಯಿತು ಎಂದು ಎಣಿಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಕೂಲಿ ಕೈಗೆ ಬರುವಾಗ ಹಣ ಸ್ವಲ್ಪ ಕಡಿಮೆ ಇರುತ್ತದೆ. ಕೇಳಿದರೆ, "ಪಿ.ಎಫ್. ಹಿಡಿದದ್ದು ಅಕ್ಕ" ಅನ್ನುತ್ತಾರೆ. ನಾವು ಸುಮ್ಮನೆ ಬರುತ್ತೇವೆ.

ಎಷ್ಟು ಹಿಡಿದರು? ಯಾಕೆ ಹಿಡಿದರು? ಆ ಹಣ ಎಲ್ಲಿಗೆ ಹೋಯಿತು? ತಿರುಗಿ ಯಾವಾಗ ಸಿಗುತ್ತದೆ? ಈ ನಾಲ್ಕು ಪ್ರಶ್ನೆಗಳನ್ನು ನಾವು ಈ ಪಾಠದಲ್ಲಿ ಬಿಡಿಸೋಣ. ಪೆನ್ಸಿಲು, ಪುಸ್ತಕ ಹತ್ತಿರ ಇಟ್ಟುಕೊಳ್ಳಿ. ಓದುತ್ತಾ ಲೆಕ್ಕ ಮಾಡೋಣ.

ಪಿ.ಎಫ್. ಅಂದರೆ ಏನು?

ಪಿ.ಎಫ್. ಅಂದರೆ ಪ್ರಾವಿಡೆಂಟ್ ಫಂಡ್. ಕನ್ನಡದಲ್ಲಿ ಭವಿಷ್ಯ ನಿಧಿ. ಭವಿಷ್ಯ ಅಂದರೆ ಮುಂದಿನ ಕಾಲ. ನಿಧಿ ಅಂದರೆ ಕೂಡಿಟ್ಟ ಹಣ. ಕೈಕಾಲು ಗಟ್ಟಿ ಇರುವಾಗ ಸ್ವಲ್ಪ ಸ್ವಲ್ಪ ಕೂಡಿಟ್ಟರೆ, ಕೈ ನಡುಗುವ ಕಾಲಕ್ಕೆ ಆಧಾರ. ಮಳೆಗಾಲಕ್ಕೆ ಬೇಕೆಂದು ನಾವು ಬೇಸಿಗೆಯಲ್ಲೇ ಕಟ್ಟಿಗೆ ಕೂಡಿಡುತ್ತೇವಲ್ಲ, ಹಾಗೆ.

ಇದರಲ್ಲಿ ಇನ್ನೊಂದು ವಿಶೇಷ ಉಂಟು. ನಾವು ಒಂದು ರೂಪಾಯಿ ಹಾಕಿದರೆ, ಯಜಮಾನರೂ ಒಂದು ರೂಪಾಯಿ ಹಾಕಬೇಕು. ಇದು ಅವರ ಧರ್ಮವಲ್ಲ, ಕಾನೂನು.

ಮನೆಯಲ್ಲಿ ಕಟ್ಟುವವರಿಗೂ ಉಂಟೇ?

ಉಂಟು. ಈ ಹಕ್ಕು ಒಂದೇ ದಿನದಲ್ಲಿ ಬಂದದ್ದಲ್ಲ. ಭವಿಷ್ಯ ನಿಧಿಯ ಕಾನೂನು ಬಂದದ್ದು 1952ರಲ್ಲಿ. ಆಗ ಬೀಡಿ ಕೆಲಸ ಅದರಲ್ಲಿ ಸೇರಿರಲಿಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರಿಗೆ ಬೇರೆಯೇ ಒಂದು ಕಾನೂನು ಬಂತು. 1977ರಲ್ಲಿ ಬೀಡಿ ಕೆಲಸಕ್ಕೆ ಪಿ.ಎಫ್. ಅನ್ವಯವಾಯಿತು.

ಆಗ ಕೆಲವು ಯಜಮಾನರು ಒಂದು ಮಾತು ಎತ್ತಿದರು. "ಇವರು ಮನೆಯಲ್ಲಿ ಕೂತು ಕಟ್ಟುವವರು. ನಮ್ಮ ಕಾರ್ಖಾನೆಗೆ ಬರುವವರಲ್ಲ. ಇವರು ನಮ್ಮ ಕೆಲಸದವರು ಹೇಗೆ ಆಗುತ್ತಾರೆ?" ಎಂದು ಕೋರ್ಟಿಗೆ ಹೋದರು. 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬೀಡಿ ಸರಿ ಇಲ್ಲದಿದ್ದರೆ ಬೇಡ ಎಂದು ತೆಗೆದುಹಾಕುವ ಅಧಿಕಾರ ಯಜಮಾನರಿಗೆ ಉಂಟು. ಹಾಗಾದರೆ ಕೆಲಸ ಅವರ ಹಿಡಿತದಲ್ಲೇ ಉಂಟು ಎಂದಾಯಿತು. ಆದ್ದರಿಂದ ಮನೆಯಲ್ಲಿ ಬೀಡಿ ಕಟ್ಟುವವರೂ ಅವರ ಕೆಲಸಗಾರರೇ, ಅವರಿಗೂ ಪಿ.ಎಫ್. ಕೊಡಬೇಕು ಎಂದು ಕೋರ್ಟು ಹೇಳಿತು.

ನೋಡಿ ಅಕ್ಕಂದಿರೇ. ನಮ್ಮ ಬೀಡಿಯನ್ನು ಆರಿಸಿ ಬಿಸಾಡುವಾಗ ನಮಗೆ ಹೊಟ್ಟೆ ಉರಿಯುತ್ತದೆ. ಅದೇ ಮಾತು ಕೋರ್ಟಿನಲ್ಲಿ ನಮ್ಮ ಪರವಾಗಿ ಸಾಕ್ಷಿ ಹೇಳಿತು.

ನಡುವೆ ಕಂಟ್ರಾಕ್ಟುದಾರರು ಇದ್ದರೂ ಕಂಪೆನಿಯ ಜವಾಬ್ದಾರಿ ತಪ್ಪುವುದಿಲ್ಲ. ಇದನ್ನೂ ನೆನಪಿಡಿ.

ಶೇಕಡಾ ಅಂದರೆ ನೂರಕ್ಕೆ

ಪಿ.ಎಫ್. ಹಣವನ್ನು ಶೇಕಡಾ ಲೆಕ್ಕದಲ್ಲಿ ಹಿಡಿಯುತ್ತಾರೆ. ಶೇಕಡಾ ಹತ್ತು ಅಂದರೆ ನೂರು ರೂಪಾಯಿಗೆ ಹತ್ತು ರೂಪಾಯಿ.

100 ರೂಪಾಯಿಗೆ 10 ರೂಪಾಯಿ.
500 ರೂಪಾಯಿಗೆ 50 ರೂಪಾಯಿ.
1,000 ರೂಪಾಯಿಗೆ 100 ರೂಪಾಯಿ.

ಇದಕ್ಕೆ ಸುಲಭ ಉಪಾಯ ಉಂಟು. ಕೊನೆಯ ಸೊನ್ನೆಯನ್ನು ಬೆರಳಿನಿಂದ ಮುಚ್ಚಿ. ಉಳಿದದ್ದೇ ಶೇಕಡಾ ಹತ್ತು. 4,500ರ ಕೊನೆಯ ಸೊನ್ನೆ ಮುಚ್ಚಿದರೆ 450.

1997ರಲ್ಲಿ ಹೆಚ್ಚಿನ ಕೆಲಸಗಳಿಗೆ ಪಿ.ಎಫ್. ದರ ಶೇಕಡಾ 12 ಆಯಿತು. ಬೀಡಿ, ಇಟ್ಟಿಗೆ, ಸೆಣಬು, ತೆಂಗಿನ ನಾರಿನಂಥ ಕೆಲವು ಕೆಲಸಗಳಿಗೆ ಮಾತ್ರ ದರ ಶೇಕಡಾ 10. ಆದ್ದರಿಂದ ಗೇರುಬೀಜದ ಕಾರ್ಖಾನೆಗೆ ಹೋಗುವ ತಂಗಿಗೆ ನೂರಕ್ಕೆ 12 ಹಿಡಿದರೆ, ಬೀಡಿ ಕಟ್ಟುವ ಅಕ್ಕನಿಗೆ ನೂರಕ್ಕೆ 10. ಎರಡೂ ಸರಿಯೇ.

ಗಿರಿಜಕ್ಕನ ಲೆಕ್ಕ

ಬೀಡಿ ಕಟ್ಟುವ ಒಬ್ಬ ಅಕ್ಕನ ಹೆಸರು ಗಿರಿಜಾ ಎಂದು ಇಟ್ಟುಕೊಳ್ಳೋಣ. ಅವಳು ದಿನಕ್ಕೆ 800 ಬೀಡಿ ಕಟ್ಟುತ್ತಾಳೆ. ತಿಂಗಳಿಗೆ 25 ದಿನ ಕೆಲಸ. ಲೆಕ್ಕ ಸುಲಭವಾಗಲಿ ಎಂದು ಸಾವಿರ ಬೀಡಿಗೆ ತುಟ್ಟಿಭತ್ಯೆಯೂ ಸೇರಿ 300 ರೂಪಾಯಿ ಕೂಲಿ ಎಂದು ಹಿಡಿಯೋಣ. ನಿಮ್ಮ ಲೆಕ್ಕ ಮಾಡುವಾಗ ನಿಮಗೆ ಸಿಗುವ ದರವನ್ನೇ ಹಾಕಿ.

ತಿಂಗಳ ಬೀಡಿ: 800 × 25 = 20,000.
ತಿಂಗಳ ಕೂಲಿ: 20 ಸಾವಿರ ಬೀಡಿಗೆ 20 × 300 = 6,000 ರೂಪಾಯಿ.
ಗಿರಿಜಕ್ಕನ ಪಾಲು, ನೂರಕ್ಕೆ ಹತ್ತು: 600 ರೂಪಾಯಿ.
ಕೈಗೆ ಬರುವ ಹಣ: 6,000 − 600 = 5,400 ರೂಪಾಯಿ.

ಈಗ ಯಜಮಾನರ ಪಾಲು. ಅವರೂ 600 ರೂಪಾಯಿ ಹಾಕಬೇಕು. ಆದರೆ ಆ 600 ರೂಪಾಯಿ ಎರಡು ಭಾಗ ಆಗುತ್ತದೆ. ಒಂದು ಭಾಗ ಪಿಂಚಣಿಗೆ. ಉಳಿದ ಭಾಗ ಪಿ.ಎಫ್. ಖಾತೆಗೆ.

ಪಿಂಚಣಿಗೆ ಹೋಗುವುದು ಕೂಲಿಯ ಶೇಕಡಾ 8.33. ಈ ಅಂಕಿ ನೋಡಿ ಹೆದರಬೇಡಿ. ಕೂಲಿಯನ್ನು 12 ಪಾಲು ಮಾಡಿ ಒಂದು ಪಾಲು ತೆಗೆದರೆ ಸರಿಹೋಗುತ್ತದೆ. ಪೈಸೆಯ ಲೆಕ್ಕವನ್ನು ಹತ್ತಿರದ ರೂಪಾಯಿಗೆ ಸರಿಮಾಡುತ್ತಾರೆ.

6,000 ÷ 12 = 500 ರೂಪಾಯಿ. ಇದು ಪಿಂಚಣಿಗೆ.
600 − 500 = 100 ರೂಪಾಯಿ. ಇದು ಪಿ.ಎಫ್. ಖಾತೆಗೆ.

ಹಾಗಾದರೆ ಗಿರಿಜಕ್ಕನ ಪಿ.ಎಫ್. ಖಾತೆಗೆ ತಿಂಗಳಿಗೆ 600 + 100 = 700 ರೂಪಾಯಿ ಬೀಳುತ್ತದೆ. ವರ್ಷಕ್ಕೆ 700 × 12 = 8,400 ರೂಪಾಯಿ. ಇದಕ್ಕೆ ಬಡ್ಡಿಯೂ ಸೇರುತ್ತದೆ. 2023-24ರಲ್ಲಿ ಬಡ್ಡಿ ಶೇಕಡಾ 8.25 ಇತ್ತು. ಆ ದರದಲ್ಲಿ 8,400 ರೂಪಾಯಿ ಒಂದು ವರ್ಷ ಖಾತೆಯಲ್ಲಿ ಕೂತರೆ 693 ರೂಪಾಯಿ ಬಡ್ಡಿ. ಪಿಂಚಣಿಗೆ ಹೋದ 500 ರೂಪಾಯಿಗೆ ಹೀಗೆ ಬಡ್ಡಿ ಕಾಣುವುದಿಲ್ಲ. ಅದು ಮುದಿಪ್ರಾಯದಲ್ಲಿ ಪಿಂಚಣಿಯಾಗಿ ಬರುತ್ತದೆ.

ಬೋನಸ್ಸಿನ ಹಣದಲ್ಲಿ ಪಿ.ಎಫ್. ಹಿಡಿಯುವುದಿಲ್ಲ. ಪಿ.ಎಫ್. ಲೆಕ್ಕ ಕೂಲಿ ಮತ್ತು ತುಟ್ಟಿಭತ್ಯೆಯ ಮೇಲೆ.

ಸಾವಿರದ ಇನ್ನೂರು ಹಿಡಿದರೆ?

ಗಿರಿಜಕ್ಕನ ಕೂಲಿಯಲ್ಲಿ 600ರ ಬದಲು 1,200 ರೂಪಾಯಿ ಹಿಡಿದರು ಎಂದು ಇಟ್ಟುಕೊಳ್ಳೋಣ. "ಎಂತ ಇಷ್ಟು?" ಎಂದು ಕೇಳಿದರೆ, "ಎರಡೂ ಪಾಲು ಸೇರಿ ಅಷ್ಟು ಆಗುತ್ತದೆ" ಎಂಬ ಉತ್ತರ ಬಂತು. ಇದು ಸರಿಯೇ?

ತಪ್ಪು. ಯಜಮಾನರ ಪಾಲನ್ನು ನಮ್ಮ ಕೂಲಿಯಿಂದ ಹಿಡಿಯಲು ಕಾನೂನಿನಲ್ಲಿ ಅವಕಾಶವಿಲ್ಲ. ಪಿ.ಎಫ್. ಕಚೇರಿಯ ಆಡಳಿತದ ಖರ್ಚನ್ನೂ ನಮ್ಮಿಂದ ಹಿಡಿಯುವಂತಿಲ್ಲ. ಕೆಲಸದಲ್ಲಿರುವಾಗಲೇ ಸದಸ್ಯೆ ತೀರಿಹೋದರೆ ಮನೆಯವರಿಗೆ ಸಿಗುವ ವಿಮೆ ಒಂದು ಉಂಟು. ಅದರ ಕಂತನ್ನೂ ಯಜಮಾನರೇ ಕಟ್ಟಬೇಕು. ನಮ್ಮಿಂದ ಹಿಡಿಯುವುದು ನಮ್ಮ ಪಾಲು ಮಾತ್ರ.

ಒಂದು ತಿಂಗಳ ಹಣವನ್ನು ಮುಂದಿನ ತಿಂಗಳ 15ನೇ ತಾರೀಕಿನ ಒಳಗೆ ಕಟ್ಟಬೇಕು. ನಮ್ಮಿಂದ ಹಿಡಿದ ಹಣವನ್ನು ಕಟ್ಟದೆ ಇಟ್ಟುಕೊಳ್ಳುವುದು ಅಪರಾಧ.

ಪಾಸ್‌ಬುಕ್ ಓದೋಣ

ಪ್ರತಿಯೊಬ್ಬ ಸದಸ್ಯೆಗೂ 12 ಅಂಕಿಯ ಒಂದು ನಂಬರು ಉಂಟು. ಅದಕ್ಕೆ ಯು.ಎ.ಎನ್. ಎನ್ನುತ್ತಾರೆ. ಇದು 2014ರಿಂದ ಬಂದದ್ದು. ಬ್ರಾಂಚ್ ಬದಲಾಗಲಿ, ಕಂಪೆನಿ ಬದಲಾಗಲಿ, ನಂಬರು ಒಂದೇ. ಹೊಸ ಕಡೆ ಕೆಲಸಕ್ಕೆ ಸೇರುವಾಗ ಹಳೆಯ ನಂಬರನ್ನೇ ಕೊಡಿ. ಇಲ್ಲದಿದ್ದರೆ ಹಣ ಎರಡು ಕಡೆ ಹಂಚಿಹೋಗುತ್ತದೆ. ವರ್ಷಗಳ ಲೆಕ್ಕವೂ ತುಂಡಾಗುತ್ತದೆ.

ನಮ್ಮ ಪಾಸ್‌ಬುಕ್ ಮೊಬೈಲಿನಲ್ಲೇ ಸಿಗುತ್ತದೆ. ಮಕ್ಕಳ ಹತ್ತಿರ ಹೇಳಿ ತೆಗೆಸಿ. ಆದರೆ ಓದುವುದು ನಾವೇ. ಅಕ್ಷರ ಬೇರೆ ಭಾಷೆಯದ್ದಾದರೂ ಅಂಕಿ ನಮಗೆ ಗೊತ್ತುಂಟು. ಪ್ರತಿ ತಿಂಗಳಿಗೆ ಮೂರು ಮೊತ್ತ ಇರುತ್ತದೆ. ಮೊದಲನೆಯದು ನಮ್ಮ ಪಾಲು. ಎರಡನೆಯದು ಯಜಮಾನರ ಪಾಲಿನಿಂದ ಪಿ.ಎಫ್.ಗೆ ಬಂದದ್ದು. ಮೂರನೆಯದು ಪಿಂಚಣಿಗೆ ಹೋದದ್ದು. ಗಿರಿಜಕ್ಕನ ಪಾಸ್‌ಬುಕ್‌ನಲ್ಲಿ 600, 100, 500 ಎಂದು ಇರಬೇಕು.

ಯು.ಎ.ಎನ್.ಗೆ ಸೇರಿಸಿದ ಮೊಬೈಲಿನಿಂದ 9966044425 ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೂ ಆಗುತ್ತದೆ. ಖಾತೆಯಲ್ಲಿ ಎಷ್ಟು ಹಣ ಉಂಟು ಎಂದು ಸಂದೇಶ ಬರುತ್ತದೆ.

ಪಾಸ್‌ಬುಕ್‌ನಲ್ಲಿ ಒಂದು ತಿಂಗಳು ಖಾಲಿ ಇದ್ದರೆ, ಆ ತಿಂಗಳು ಬೀಡಿ ಕೊಟ್ಟ ಪುಸ್ತಕ ತೆಗೆದು ನೋಡಿ. ಬೀಡಿ ಕೊಟ್ಟದ್ದು ಬರೆದಿದ್ದರೆ, ಪುಸ್ತಕ ಹಿಡಿದು ಬ್ರಾಂಚಿನಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಯೂನಿಯನ್ನಿನವರಿಗೆ ಹೇಳಿ. ಮಂಗಳೂರಿನ ಪಿ.ಎಫ್. ಕಚೇರಿಗೂ ದೂರು ಕೊಡಬಹುದು. ಬಾಯಿಮಾತು ಬೇಡ, ಬರೆದು ಕೊಡಿ. ಬರೆಯಲು ಈಗ ನಮಗೆ ಬರುತ್ತದೆ.

ಹತ್ತು ವರ್ಷದ ಮಾತು

ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರ್ 16ರಿಂದ. ಕನಿಷ್ಠ 10 ವರ್ಷ ಸೇವೆ ಇದ್ದರೆ 58 ವರ್ಷ ಪ್ರಾಯಕ್ಕೆ ತಿಂಗಳು ತಿಂಗಳು ಪಿಂಚಣಿ ಸಿಗುತ್ತದೆ. ಲೆಕ್ಕ ಹೀಗೆ: ಕೊನೆಯ 60 ತಿಂಗಳ ಕೂಲಿಯ ಸರಾಸರಿಯನ್ನು ಸೇವೆಯ ವರ್ಷದಿಂದ ಗುಣಿಸಿ, 70ರಿಂದ ಭಾಗಿಸಬೇಕು.

ಗಿರಿಜಕ್ಕನ ಸರಾಸರಿ ಕೂಲಿ 6,000. ಸೇವೆ 14 ವರ್ಷ.
6,000 × 14 = 84,000.
84,000 ÷ 70 = 1,200 ರೂಪಾಯಿ.

ಲೆಕ್ಕದಲ್ಲಿ ತೀರಾ ಕಡಿಮೆ ಬಂದವರಿಗೆ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ಗೊತ್ತುಮಾಡಿದರು. ಇದು ದೊಡ್ಡ ಹಣವಲ್ಲ, ನಿಜ. ಆದರೆ ಮದ್ದಿಗೆ, ಬಸ್ಸಿಗೆ ಮಗನ ಹತ್ತಿರ ಕೈ ಒಡ್ಡಬೇಕಾಗಿಲ್ಲ.

ಇಲ್ಲಿ ನಮ್ಮ ಹೆಂಗಸರಿಗೆ ಎರಡು ಕಡೆ ನಷ್ಟ ಆಗುತ್ತದೆ.

ಒಂದು, ಮದುವೆಯ ಹೊತ್ತು. ಹುಡುಗಿ ಏಳೆಂಟು ವರ್ಷ ಬೀಡಿ ಕಟ್ಟಿರುತ್ತಾಳೆ. ಮದುವೆ ಖರ್ಚಿಗೆಂದು ಪಿ.ಎಫ್. ಜೊತೆಗೆ ಪಿಂಚಣಿಯ ಹಣವನ್ನೂ ತೆಗೆಸುತ್ತಾರೆ. ಪಿಂಚಣಿಯ ಹಣ ತೆಗೆದರೆ ಆ ಏಳೆಂಟು ವರ್ಷ ಅಳಿಸಿಹೋಯಿತು. ಗಂಡನ ಮನೆಯಲ್ಲಿ ತಿರುಗಿ ಬೀಡಿ ಕಟ್ಟಿದರೆ ಒಂದರಿಂದ ಎಣಿಸಬೇಕು. ಅದರ ಬದಲು ಕೆಲಸ ಬಿಡುವಾಗ ಸ್ಕೀಮ್ ಸರ್ಟಿಫಿಕೇಟ್ ಎಂಬ ಪತ್ರ ಕೇಳಿ ಪಡೆಯಬಹುದು. ಆಗ ಹಳೆಯ ವರ್ಷಗಳು ಉಳಿಯುತ್ತವೆ. ಮುಂದೆ ಸೇರಿದ ಕೆಲಸಕ್ಕೆ ಕೂಡುತ್ತವೆ.

ಎರಡು, ಒಂದೇ ಪುಸ್ತಕದ ಕೆಲಸ. ಎಷ್ಟೋ ಮನೆಯಲ್ಲಿ ಪುಸ್ತಕ ಅತ್ತೆಯ ಹೆಸರಿನಲ್ಲಿ, ಬೀಡಿ ಕಟ್ಟುವುದು ಸೊಸೆ. "ಮನೆಗೇ ಬರುವ ಹಣ ಅಲ್ವಾ?" ಎನ್ನುತ್ತೇವೆ. ಕೂಲಿಯೇನೋ ಮನೆಗೆ ಬರುತ್ತದೆ. ಆದರೆ ಸೊಸೆಯ ಕೆಲಸದ ವರ್ಷಗಳು ಎಲ್ಲಿಯೂ ಬರೆದಿಲ್ಲ. ಅವಳ ಬೆನ್ನು ನೋಯುತ್ತದೆ, ಪಿಂಚಣಿ ಮಾತ್ರ ಅವಳಿಗಿಲ್ಲ. ಕಟ್ಟುವವಳ ಹೆಸರಿನಲ್ಲೇ ಪುಸ್ತಕ ಇರಲಿ. ಅತ್ತೆಯಂದಿರು ಈ ಮಾತನ್ನು ದಯವಿಟ್ಟು ಎರಡು ಸಲ ಓದಬೇಕು.

ಈ ವಾರ ನಾವು ಮಾಡುವ ಕೆಲಸ

1. ಆಧಾರ್ ಕಾರ್ಡು ಮತ್ತು ಪಿ.ಎಫ್. ಖಾತೆ ಎರಡರಲ್ಲೂ ನಮ್ಮ ಹೆಸರು, ಹುಟ್ಟಿದ ತಾರೀಕು ಒಂದೇ ರೀತಿ ಉಂಟೇ ನೋಡುವುದು. ಒಂದು ಅಕ್ಷರ ತಪ್ಪಿದರೂ ಹಣ ಸಿಗುವಾಗ ತೊಂದರೆ.
2. ನಮ್ಮ ನಂತರ ಹಣ ಯಾರಿಗೆ ಎಂಬ ಹೆಸರು, ಅಂದರೆ ನಾಮಿನಿ ಹೆಸರು ಬರೆಸುವುದು. ಮದುವೆ ಆದ ಮೇಲೆ ಹೊಸದಾಗಿ ಬರೆಸಬೇಕು.
3. ಯು.ಎ.ಎನ್. ನಂಬರನ್ನು ನಮ್ಮ ಕೈಯಿಂದಲೇ ಪುಸ್ತಕದಲ್ಲಿ ಬರೆದಿಡುವುದು.

ಅಭ್ಯಾಸ

1. ಜಾನಕಿ ತಿಂಗಳಿಗೆ 15,000 ಬೀಡಿ ಕಟ್ಟಿದಳು. ಸಾವಿರಕ್ಕೆ 300 ರೂಪಾಯಿ. ಅವಳ ಕೂಲಿ ಎಷ್ಟು? ಪಿ.ಎಫ್. ಎಷ್ಟು ಹಿಡಿಯಬೇಕು? ಯಜಮಾನರ ಪಾಲಿನಲ್ಲಿ ಪಿಂಚಣಿಗೆ ಎಷ್ಟು?
2. ಜುಬೇದಾ ಗೇರುಬೀಜದ ಕಾರ್ಖಾನೆಯಲ್ಲಿದ್ದಾಳೆ. ತಿಂಗಳ ಕೂಲಿ 9,000 ರೂಪಾಯಿ. ನೂರಕ್ಕೆ 12ರಂತೆ ಎಷ್ಟು ಹಿಡಿಯಬೇಕು? (ಮೊದಲು ನೂರಕ್ಕೆ 10, ಆಮೇಲೆ ನೂರಕ್ಕೆ 2 ಲೆಕ್ಕ ಮಾಡಿ ಕೂಡಿಸಿ.)
3. ನಿಮ್ಮ ಕಳೆದ ತಿಂಗಳ ಕೂಲಿಗೆ ಇದೇ ಲೆಕ್ಕ ಮಾಡಿ. ಪಾಸ್‌ಬುಕ್ ಜೊತೆ ಹೋಲಿಸಿ.

ಉತ್ತರ: 1. ಕೂಲಿ 4,500; ಪಿ.ಎಫ್. 450, ಪಿಂಚಣಿಗೆ 375. 2. 900 + 180 = 1,080. 3. ಇದರ ಉತ್ತರ ನಿಮ್ಮ ಕೈಯಲ್ಲೇ ಉಂಟು. ಎರಡೂ ಅಂಕಿ ಸರಿ ಬಂದರೆ ಸಂತೋಷ. ಸರಿ ಬಾರದಿದ್ದರೆ ಕೇಳಿ. ಕೇಳಲು ನಾಚಿಕೆ ಬೇಡ. ಅದು ನಾವು ದುಡಿದ ಹಣ.