ಕಂತಿನ ಲೆಕ್ಕದಲ್ಲಿ ಕಾಣದ 572 ಗಂಟೆ

ಅಮೆರಿಕದ ವಿಮಾನ ಕಂಪನಿಗಳಲ್ಲಿ ಕೆಲಸದ ಊರು (ಅವರ ಮಾತಿನಲ್ಲಿ 'ಬೇಸ್') ಒಂದು, ಮನೆಯಿರುವ ಊರು ಇನ್ನೊಂದು ಎಂಬಂಥ ಪೈಲಟ್‌ಗಳು ಬಹಳ ಮಂದಿ. ಡ್ಯೂಟಿ ಶುರುವಾಗುವುದು ನ್ಯೂಯಾರ್ಕ್‌ನಲ್ಲಿ, ಹೆಂಡತಿ ಮಕ್ಕಳಿರುವುದು ನ್ಯಾಶ್‌ವಿಲ್‌ನಲ್ಲಿ. ಇದರ ಬುಡದಲ್ಲಿ ಸಾಮಾನ್ಯವಾಗಿ ಒಂದೇ ನಿರ್ಧಾರ ಇರುತ್ತದೆ. ಬೇಸ್ ಯಾವುದಾದರೇನು, ವಿಮಾನದಲ್ಲಿ ಬಿಟ್ಟಿ ಓಡಾಡಬಹುದಲ್ಲ ಎಂದು ಕೆಲಸ ಸಿಕ್ಕ ಹೊಸದರಲ್ಲೇ ಅಗ್ಗದ ಊರಿನಲ್ಲಿ ದೊಡ್ಡ ಮನೆ ಕೊಂಡಿರುತ್ತಾರೆ. ಕಂತು ಕಡಿಮೆ, ಅಂಗಳ ದೊಡ್ಡದು, ಶಾಲೆ ಹತ್ತಿರ. ಆ ಕಂತಿನ ಕಾಗದದಲ್ಲಿ ಕಾಣದ ಇನ್ನೊಂದು ಕಂತನ್ನು ಪ್ರತಿ ಟ್ರಿಪ್‌ಗೂ, ಅಂದರೆ ಕೆಲವು ದಿನ ಹಾರಿ ಬೇಸ್‌ಗೆ ಮರಳುವ ಪ್ರತಿ ಸುತ್ತಿಗೂ, ಗಂಟೆಗಳ ರೂಪದಲ್ಲಿ ಕಟ್ಟಬೇಕಾಗುತ್ತದೆ, ಅದನ್ನು ಸೇರಿಸಿದರೆ ಅಗ್ಗದ ಮನೆ ಅಗ್ಗವಲ್ಲ ಎಂಬುದು ನನ್ನ ವಾದ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಊರಿಗೆ ಹೋಗಿ, ಸೋಮವಾರ ಬೆಳಗ್ಗೆ ಬಸ್ಸಿಳಿದು ಹಾಗೇ ಆಫೀಸಿಗೆ ನಡೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರ ಇರುವವರ ಪರವಾದ ವಾದವೂ ಸಣ್ಣದಲ್ಲ, ಅದನ್ನು ಮೊದಲು ಒಪ್ಪಿಬಿಡೋಣ. ವಿಮಾನ ಸಿಬ್ಬಂದಿಯ ಸಂಬಳದ ಮೇಲೆ ಅವರು ವಾಸವಿರುವ ರಾಜ್ಯ ಬಿಟ್ಟರೆ, ಸಂಬಳದ ಅರ್ಧಕ್ಕಿಂತ ಹೆಚ್ಚು ದುಡಿದ ರಾಜ್ಯ ಮಾತ್ರ ಆದಾಯ ತೆರಿಗೆ ಹಾಕಬಹುದು ಎಂದು ಅಲ್ಲಿನ ಫೆಡರಲ್ ಕಾನೂನೇ ಹೇಳುತ್ತದೆ. ದೇಶದ ತುಂಬ ಹಾರುವ ಪೈಲಟ್‌ಗೆ ಒಂದೇ ರಾಜ್ಯದಲ್ಲಿ ಅರ್ಧ ದುಡಿಮೆ ಆಗುವುದು ಅಪರೂಪ. ಟೆನೆಸಿ, ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯೇ ಇಲ್ಲ. ಹಾಗಾಗಿ ಒಂದು ಉದಾಹರಣೆಯ ಲೆಕ್ಕ ಹಾಕೋಣ. ಅಂಕಿಗಳು ನಾನು ಇಟ್ಟುಕೊಂಡವು, ಓದುವವರು ತಮ್ಮವನ್ನು ಹಾಕಿಕೊಳ್ಳಲಿ. ವರ್ಷಕ್ಕೆ 2 ಲಕ್ಷ ಡಾಲರ್ ಸಂಬಳದ ಫಸ್ಟ್ ಆಫೀಸರ್ (ಸಹ ಪೈಲಟ್), ಬೇಸ್ ನ್ಯೂಯಾರ್ಕ್. ಬೇಸ್ ಹತ್ತಿರ ಅಂಥದೇ ಮನೆಗೆ 3 ಲಕ್ಷ ಡಾಲರ್ ಹೆಚ್ಚು ಸಾಲ ಬೇಕು. 6.5 ಶೇಕಡಾ ಬಡ್ಡಿ, 30 ವರ್ಷದ ಅವಧಿ ಎಂದರೆ ತಿಂಗಳಿಗೆ ಸುಮಾರು 1,896 ಡಾಲರ್ ಹೆಚ್ಚುವರಿ ಕಂತು. ಇದರಲ್ಲಿ ಅಸಲು ನಮ್ಮದೇ ಆಸ್ತಿಯಾಗುವುದರಿಂದ ಖರ್ಚೆಂದು ಹಿಡಿಯಬೇಕಾದದ್ದು ಬಡ್ಡಿ ಮಾತ್ರ, ಮೊದಲ ವರ್ಷ ಸುಮಾರು 19,400. ರಾಜ್ಯದ ಆದಾಯ ತೆರಿಗೆ 10,000, ಮನೆ ಕಂದಾಯದ ವ್ಯತ್ಯಾಸ 4,000. ಒಟ್ಟು 33,400 ಡಾಲರ್. ದೂರ ಇದ್ದವನು ಉಳಿಸಿದ್ದು ಇಷ್ಟು, ಮತ್ತು ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ.

ಮುಂದಕ್ಕೆ ಹೋಗೋಣ. ಬೇಸ್‌ನಲ್ಲಿ ಸಿಬ್ಬಂದಿ ಹಂಚಿಕೊಂಡು ಮಲಗುವ ಬಾಡಿಗೆ ಕೋಣೆಗೆ, ಅಂದರೆ ಕ್ರ್ಯಾಶ್ ಪ್ಯಾಡ್‌ಗೆ, ತಿಂಗಳಿಗೆ 350ರಂತೆ 4,200. ಸೀಟು ಸಿಗದೆ ಉಳಿದ ರಾತ್ರಿಗಳ ಹೋಟೆಲಿಗೆ 1,800. ಟ್ಯಾಕ್ಸಿ, ಊಟಕ್ಕೆ 1,200. ಒಟ್ಟು 7,200, ಇದಕ್ಕೆ ಆದಾಯ ತೆರಿಗೆಯಲ್ಲಿ ಒಂದು ಡಾಲರ್ ಕಡಿತವೂ ಇಲ್ಲ. ಬೇಸ್‌ನಲ್ಲೇ ಇರುವವನಿಗೆ ಕೊನೆ ಗಳಿಗೆಯಲ್ಲಿ ಖಾಲಿ ಬಿದ್ದ ಟ್ರಿಪ್‌ಗಳು ದಕ್ಕುತ್ತವೆ. ಎರಡು ತಿಂಗಳಿಗೊಂದು ಸಿಕ್ಕಿತೆನ್ನಿ, ಟ್ರಿಪ್‌ಗೆ 15 ಗಂಟೆ, ಗಂಟೆಗೆ 180 ಡಾಲರ್‌ನಂತೆ ವರ್ಷಕ್ಕೆ 16,200, ತೆರಿಗೆ ಕಳೆದು ಕೈಗೆ ಸುಮಾರು 11,000. ದೂರದವನಿಗೆ ಇದು ಬರುವುದಿಲ್ಲ. ಎರಡೂ ಸೇರಿ 18,200. ಉಳಿತಾಯ 33,400ರಿಂದ 15,200ಕ್ಕೆ ಇಳಿಯಿತು. ಇನ್ನು ಸಮಯ. ತಿಂಗಳಿಗೆ ನಾಲ್ಕು ಟ್ರಿಪ್. ಹೋಗುವುದಕ್ಕೆ ಏಳು ಗಂಟೆ, ಬರುವುದಕ್ಕೆ ಆರು. ಎರಡು ಗಂಟೆ ಚಿಲ್ಲರೆಯ ಹಾರಾಟಕ್ಕೆ ಏಳು ಗಂಟೆ ಯಾಕೆಂದರೆ, ಮೊದಲ ವಿಮಾನ ತಪ್ಪಿದರೆ ಎರಡನೆಯದಾದರೂ ಇರಲಿ ಎಂದು ಅಷ್ಟು ಮುಂಚೆ ಹೊರಡಬೇಕು. ತಿಂಗಳಿಗೆ 52 ಗಂಟೆ, ರಜೆ ಕಳೆದು ಹನ್ನೊಂದು ತಿಂಗಳಿಗೆ 572. 15,200ನ್ನು 572ರಿಂದ ಭಾಗಿಸಿದರೆ ಗಂಟೆಗೆ 27 ಡಾಲರ್ ಕೂಡ ಬರುವುದಿಲ್ಲ. ಗೃಹಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿಯನ್ನು ನಾನು ಹಿಡಿದೇ ಇಲ್ಲ, ಹಿಡಿದರೆ ಇದು ಇನ್ನೂ ಇಳಿಯುತ್ತದೆ. ಹಾರಿದ ಗಂಟೆಗೆ 180 ಎಣಿಸಿಕೊಳ್ಳುವ ಮನುಷ್ಯ ಮನೆಯಲ್ಲಿ ಕಳೆಯಬಹುದಾಗಿದ್ದ ಗಂಟೆಯನ್ನು 27ಕ್ಕೆ ಬಿಟ್ಟುಕೊಡುತ್ತಿದ್ದಾನೆ. 572 ಗಂಟೆ ಎಂದರೆ ಹತ್ತಿರಹತ್ತಿರ 24 ಹಗಲು, 24 ರಾತ್ರಿ.

ಆ ಗಂಟೆಗಳು ಹೇಗಿರುತ್ತವೆ ಎಂಬುದನ್ನೂ ನೋಡಬೇಕು. ಗೇಟಿನ ಪರದೆಯಲ್ಲಿ ಸ್ಟ್ಯಾಂಡ್‌ಬೈ ಪಟ್ಟಿ, ಅದರಲ್ಲಿ ಹೆಸರಿನ ಮೊದಲ ಎರಡು ಮೂರು ಅಕ್ಷರ. ದುಡ್ಡು ಕೊಟ್ಟ ಪ್ರಯಾಣಿಕರೆಲ್ಲ ಒಳಗೆ ಹೋದ ಮೇಲೆ ಸೀಟು ಉಳಿದರೆ ಸರಿ, ಇಲ್ಲವೇ ಕಾಕ್‌ಪಿಟ್‌ನ ಮಡಚುವ ಜಂಪ್ ಸೀಟ್, ಅದಕ್ಕೂ ಮುಂಚೆ ಬಂದವನಿದ್ದರೆ ಮುಂದಿನ ವಿಮಾನ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಇಂಥ ಸಿಬ್ಬಂದಿ ಎಷ್ಟು ತುಂಬಿದ್ದಾರೆಂದರೆ ಜನ ಅದನ್ನು 'ಕ್ರ್ಯೂ ಗಾರ್ಡನ್ಸ್' ಎಂದೇ ಕರೆಯುತ್ತಾರೆ. ಅಲ್ಲಿನ ಕ್ರ್ಯಾಶ್ ಪ್ಯಾಡ್ ಎಂದರೆ ಒಂದು ಕೋಣೆಯಲ್ಲಿ ಒಂದರ ಮೇಲೊಂದಿಟ್ಟ ಅಟ್ಟದ ಮಂಚಗಳು, ಒಂದೊಂದಕ್ಕೂ ಬೆಳಕು ತಡೆಯಲು ಪರದೆ, ಫ್ರಿಜ್‌ನಲ್ಲಿ ಹೆಸರು ಬರೆದಿಟ್ಟ ಡಬ್ಬಿ. ರಿಸರ್ವ್‌ನಲ್ಲಿರುವ, ಅಂದರೆ ಕರೆ ಬಂದರೆ ಹೊರಡಲು ಸಿದ್ಧನಿರಬೇಕಾದ ಹೊಸಬನಿಗೆ ಇನ್ನೂ ಕಷ್ಟ. ಕರೆ ಬಂದ ಎರಡು ಗಂಟೆಯಲ್ಲಿ ಹಾಜರಾಗಬೇಕೆಂದರೆ ಮನೆಯಲ್ಲಿ ಕೂರುವಂತಿಲ್ಲ. ಬೇಸ್‌ನವನು ಮಗನ ಹೋಂವರ್ಕ್ ನೋಡುತ್ತ ಅದೇ ಸಂಬಳ ಪಡೆಯುವ ದಿನಗಳನ್ನು ದೂರದವನು ಆ ಅಟ್ಟದ ಮಂಚದ ಮೇಲೆ ಕಳೆಯುತ್ತಾನೆ.

ನಿದ್ದೆಯ ಮಾತು ಹಣಕಾಸಿನ ಅಂಕಣಕ್ಕೆ ಹೊರಗಿನದಲ್ಲ. 2009ರ ಫೆಬ್ರವರಿ 12ರಂದು ನ್ಯೂಅರ್ಕ್‌ನಿಂದ ಹೊರಟ ಕೋಲ್ಗನ್ ಏರ್ 3407 ವಿಮಾನ ಬಫಲೋ ಬಳಿ ಬಿದ್ದು 50 ಜನ ಸತ್ತರು. ಫಸ್ಟ್ ಆಫೀಸರ್ ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ರಾತ್ರಿಯಿಡೀ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದರು. ಫ್ಲಾರಿಡಾದಿಂದ ಬಂದಿದ್ದ ಕ್ಯಾಪ್ಟನ್ ಸಿಬ್ಬಂದಿಯ ಕೋಣೆಯಲ್ಲಿ ಮಲಗಿದ್ದರು. ಅಪಘಾತಕ್ಕೆ ಮುಖ್ಯ ಕಾರಣ ಸ್ಟಾಲ್ (ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ) ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು ಎಂದು ತನಿಖೆ ಹೇಳಿತು. ದಣಿವು ಇದ್ದಿರಬಹುದು, ಎಷ್ಟರ ಮಟ್ಟಿಗೆ ಎಂದು ಹೇಳಲಾಗದು ಎಂದಿತು. ಆಮೇಲೆ ಸಂಸತ್ತು ಕೇಳಿದ್ದರಿಂದ ನಡೆದ ಅಧ್ಯಯನ 2011ರಲ್ಲಿ, ದೂರದ ಓಡಾಟಕ್ಕೆ ನಿಯಮ ಮಾಡುವಷ್ಟು ಪುರಾವೆ ಇಲ್ಲ ಎಂದಿತು. ದೂರ ಇರುವವರು ಈ ಮಾತನ್ನು ಗುರಾಣಿ ಮಾಡಿಕೊಳ್ಳುತ್ತಾರೆ. ಆದರೆ ನಿಯಮ ಮಾಡಲು ಪುರಾವೆ ಸಾಲದು ಎಂದರೆ ಹಾನಿ ಇಲ್ಲ ಎಂದಲ್ಲ. 2014ರ ಜನವರಿಯಿಂದ ಜಾರಿಯಲ್ಲಿರುವ ವಿಶ್ರಾಂತಿ ನಿಯಮದ ಪ್ರಕಾರ ತಾನು ಹಾರಲು ಯೋಗ್ಯ ಎಂದು ಪ್ರತಿ ಹಾರಾಟಕ್ಕೂ ಮುಂಚೆ ಪೈಲಟ್ ತಾನೇ ದೃಢಪಡಿಸಬೇಕು. ಮನೆ ಎಲ್ಲಿರಬೇಕೆಂದು ಕಾನೂನು ಹೇಳುವುದಿಲ್ಲ, ನಿದ್ದೆಯ ಹೊಣೆಯನ್ನು ಮಾತ್ರ ಅವನ ತಲೆಗೇ ಹೊರಿಸಿದೆ.

ಈ ದೂರದ ಓಡಾಟದ ಖರ್ಚಿಗೆ ಪರಿಹಾರವೆಂದು ಹೊಸ ಪೈಲಟ್‌ಗಳಿಗೆ ಯಾರಾದರೊಬ್ಬರು ಹೇಳಿಕೊಡುವ ಉಪಾಯವೊಂದಿದೆ. ಬೇಸ್ ಹತ್ತಿರ ಒಂದು ಫ್ಲ್ಯಾಟ್ ಕೊಳ್ಳು, ಏಳೆಂಟು ಮಂಚ ಹಾಕು, ಬಾಡಿಗೆಯಿಂದಲೇ ಕಂತು ತೀರುತ್ತದೆ. ಈ 'ಹೂಡಿಕೆ'ಯ ಮೇಲೆ ನನಗೆ ಕಿಂಚಿತ್ತೂ ವಿಶ್ವಾಸವಿಲ್ಲ. ಬಾಡಿಗೆದಾರರೆಲ್ಲ ಒಂದೇ ಉದ್ಯಮದವರು. ಕಂಪನಿ ಆ ಊರಿನಲ್ಲಿ ಹಾರಾಟ ಕಡಿಮೆ ಮಾಡಿದ ದಿನ ಮಂಚಗಳೂ ಖಾಲಿ, ಫ್ಲ್ಯಾಟ್‌ನ ಬೆಲೆಯೂ ಇಳಿಕೆ, ಮಾಲೀಕನ ಕೆಲಸವೂ ಬೇರೆ ಊರಿಗೆ. ಮೆಂಫಿಸ್ 2013ರಲ್ಲಿ ಡೆಲ್ಟಾ ವಿಮಾನ ಕಂಪನಿಯ ಹಬ್ (ಕೇಂದ್ರ ನಿಲ್ದಾಣ) ಆಗಿ ಉಳಿಯಲಿಲ್ಲ, ಮರುವರ್ಷವೇ ಯುನೈಟೆಡ್ ಕಂಪನಿ ಕ್ಲೀವ್‌ಲ್ಯಾಂಡ್‌ನ ಹಬ್ ಕಳಚಿತು. ಸಂಬಳ, ಬಾಡಿಗೆ, ಆಸ್ತಿ ಮೂರನ್ನೂ ಒಂದೇ ಕಂಪನಿಯ ವೇಳಾಪಟ್ಟಿಗೆ ಕಟ್ಟಿಹಾಕುವುದನ್ನು ಹೂಡಿಕೆ ಎನ್ನಬಾರದು.

ಹಾಗಾದರೆ ಬೇಸ್ ಹತ್ತಿರ ಮನೆ ಕೊಂಡವನಿಗೂ ಇದೇ ಅಪಾಯವಲ್ಲವೇ ಎಂದು ಕೇಳಬಹುದು. ಹೌದು, ಅದಕ್ಕೇ ಮೊದಲ ಕೆಲವು ವರ್ಷ ಎಲ್ಲೂ ಕೊಳ್ಳಬೇಡಿ, ಬೇಸ್ ಹತ್ತಿರ ಬಾಡಿಗೆಗಿರಿ ಎನ್ನುತ್ತೇನೆ. ಸೀನಿಯಾರಿಟಿ ಬೆಳೆದು, ಯಾವ ವಿಮಾನ, ಯಾವ ಬೇಸ್ ಎಂಬುದು ಗಟ್ಟಿಯಾದ ಮೇಲೆ ಮನೆಯ ಮಾತು. ಬಾಡಿಗೆ ಎಂದರೆ ದುಡ್ಡು ನೀರಿಗೆ ಹಾಕಿದಂತೆ ಎಂಬ ಮಾತನ್ನು ನಮ್ಮಲ್ಲೂ ದಿನಾ ಕೇಳುತ್ತೇವೆ. ಮೊದಲ ವರ್ಷದ 22,750 ಡಾಲರ್ ಕಂತಿನಲ್ಲಿ 19,400 ಬಡ್ಡಿಗೇ ಹೋದದ್ದನ್ನು ಹಾಗೆನ್ನುವವರು ಏನೆಂದು ಕರೆಯುತ್ತಾರೋ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಎದುರುತ್ತರವಿಲ್ಲ. ಸಂಗಾತಿಗೆ ಆ ಊರಿನಲ್ಲಿ ಒಳ್ಳೆಯ ಕೆಲಸ, ಪಕ್ಕದ ಬೀದಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ತಾತ, ಪೈಲಟ್‌ಗೆ ತಿಂಗಳಿಗೆ ಎರಡೇ ಉದ್ದನೆಯ ಟ್ರಿಪ್ ಹಿಡಿಯುವಷ್ಟು ಸೀನಿಯಾರಿಟಿ. ಅಲ್ಲಿ 572 ಗಂಟೆ 286 ಆಗುತ್ತದೆ, ಸಂಗಾತಿಯ ಸಂಬಳ ಉಳಿತಾಯದ ಕಡೆಗೆ ಸೇರುತ್ತದೆ. ಅಂಥವರು ಇದ್ದಲ್ಲೇ ಇರಲಿ. ಆದರೆ ಕ್ರ್ಯಾಶ್ ಪ್ಯಾಡ್‌ನಲ್ಲಿ ಬೇರೆಯವರು ಮಲಗದ ತಮ್ಮದೇ ಮಂಚ ಹಿಡಿಯಲಿ, ಬೆಳಗಿನ ಡ್ಯೂಟಿ ಇದ್ದರೆ ಹಿಂದಿನ ದಿನವೇ ಬರಲಿ, ಪಟ್ಟಿ ಉದ್ದವಿದ್ದ ದಿನ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಲಿ, ಆ ಖರ್ಚನ್ನೆಲ್ಲ ಮನೆಯ ಕಂತಿನ ಕೆಳಗೇ ಬರೆದಿಟ್ಟುಕೊಳ್ಳಲಿ.