ಪಕ್ಕದಿಂದ ನೀಲಿ, ಎದುರಿನಿಂದ ಕಿತ್ತಳೆ

ಬೆಳಕಿನ ಚದುರುವಿಕೆ ತೋರಿಸಲು ಏನೇನು ಬೇಕು ಅಂದರೆ ಎಲ್ಲರೂ ಬ್ಯಾಟರಿ, ನೀರು, ಹಾಲು ಎನ್ನುತ್ತಾರೆ. ಕತ್ತಲೆಯ ಮಾತು ಯಾರೂ ಎತ್ತುವುದಿಲ್ಲ. ನಾನು ಪಾಠ ಮಾಡುವ ಮಲ್ಲಸಮುದ್ರದ ಬಿಸಿಲಿನಲ್ಲಿ ತರಗತಿಯನ್ನು ಕತ್ತಲು ಮಾಡುವುದೇ ಅರ್ಧ ಕೆಲಸ. ಕಿಟಕಿಗೆಲ್ಲ ಗೋಣಿತಟ್ಟು ಕಟ್ಟಿ, ಒಂದು ಸಂದು ಮಾತ್ರ ಬಿಟ್ಟು, ಹೊರಗೆ ನಿಂತ ಹುಡುಗನ ಕೈಗೆ ಕನ್ನಡಿ ಕೊಟ್ಟು ಬಿಸಿಲನ್ನೇ ಒಳಗೆ ಹಾಯಿಸುತ್ತೇನೆ. ಎಲ್‌ಇಡಿ ಬ್ಯಾಟರಿಯಲ್ಲಿ ಕೆಂಪು ಕಡಿಮೆ, ಹಳೇ ಬಲ್ಬಿನದರಲ್ಲಿ ನೀಲಿ ಕಡಿಮೆ; ಬಿಸಿಲಿನಲ್ಲಿ ಎರಡೂ ಧಾರಾಳ. ಹೊತ್ತು ಸರಿದಂತೆ ಕನ್ನಡಿ ಹೊರಳಿಸುತ್ತಿರಬೇಕು, ಅಷ್ಟೇ ತಾಪತ್ರಯ.

ಹಾಲಿನದು ಬೇರೆ ಕಥೆ. “ಎಮ್ಮಿ ಹಾಲ್ರೀ ಸರ, ಒಂದ್ ಹನಿ ನೀರ ಹಾಕಿಲ್ರಿ” ಎಂದು ಹೆಮ್ಮೆಯಿಂದ ತಂದವಳಿಗೆ ಬೇಡ ಅನ್ನುವುದು ಹೇಗೆ? ಆದರೆ ಈ ಪ್ರಯೋಗಕ್ಕೆ ಗಟ್ಟಿ ಹಾಲು ಒಗ್ಗದು. ಕೊಬ್ಬಿನ ಕಣಗಳು ಬಹುಪಾಲು ಬೆಳಕಿನ ತರಂಗದೂರಕ್ಕಿಂತ ದೊಡ್ಡವು. ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸಿ ಬರೀ ಬಿಳಿ ತೋರಿಸುತ್ತವೆ. ನೀಲಿ ಕೊಡುವುದು ಅವಕ್ಕಿಂತ ಸಣ್ಣವಾದ ಪ್ರೋಟೀನಿನ ಕಣಗಳು. ಕೆನೆ ತೆಗೆದ ಹಾಲನ್ನು ಗಾಜಿನ ಬರಣಿಯ ನೀರಿಗೆ ಹನಿಹನಿಯಾಗಿ ಬಿಟ್ಟು ಕದಡಬೇಕು. ನೀರಿನಲ್ಲಿ ಬೆಳಕಿನ ಕೋಲು ಮೂಡಿದ ಕೂಡಲೇ ಕೈ ತಡೆಯಬೇಕು.

ಆಗ ಕಾಣುವ ನೀಲಿ ಬಹಳ ತೆಳು. “ನೀಲಿ ಕಾಣ್ತೈತೇನು?” ಎಂದು ಕೇಳಿದರೆ ಇಡೀ ವರ್ಗ “ಹೌದ್ರೀ” ಅನ್ನುತ್ತದೆ, ಕಾಣದವರೂ ಸೇರಿ. ಅದಕ್ಕೇ ಬಣ್ಣದ ಹೆಸರನ್ನೇ ನಾನು ಎತ್ತುವುದಿಲ್ಲ. ಅರ್ಧ ಮಂದಿ ಬರಣಿಯ ಪಕ್ಕದಲ್ಲಿ, ಉಳಿದವರು ಆಚೆ ಹಿಡಿದ ಬಿಳಿ ಹಾಳೆಯ ಹತ್ತಿರ ನಿಂತು, ಕಂಡದ್ದನ್ನು ಬರೆಯಬೇಕು. ಬಿಸಿಲಿನ ಕೋಲಿಗೆ ಕಣ್ಣು ಕೊಡುವಂತಿಲ್ಲ, ಹಾಳೆಯನ್ನಷ್ಟೇ ನೋಡಬೇಕು. ಇವರು ‘ಹೊಗೆ ನೀಲಿ’ ಅಂದರೆ ಅವರು ‘ಅರಿಷಿಣ’, ಇನ್ನೆರಡು ಹನಿ ಬಿಟ್ಟರೆ ‘ಕಿತ್ತಳೆ’. ಒಂದೇ ನೀರಿಗೆ ಎರಡು ಬಣ್ಣ ಹೇಗೆ ಎಂಬ ಜಗಳ ಜೋರಾಗಿ, ಜಾಗ ಅದಲುಬದಲು ಮಾಡಿಸಿದ ಮೇಲೇ ತಣ್ಣಗಾಗುವುದು. ನೀಲಿ ಪಕ್ಕಕ್ಕೆ ಸೋರಿಹೋದದ್ದರಿಂದಲೇ ಎದುರಿಗೆ ಕೆಂಪು ಉಳಿಯಿತು ಎಂದು ಅವರೇ ಹೇಳುತ್ತಾರೆ. ಭೌತವಿಜ್ಞಾನಿ ರ‍್ಯಾಲಿಯ 1871ರ ಸೂತ್ರವನ್ನು ಹಲಗೆಯ ಮೇಲೆ ಬರೆಯುವುದು ಆಮೇಲೆ: ಅತಿಸಣ್ಣ ಕಣಗಳು 400 ನ್ಯಾನೋಮೀಟರಿನ ನೇರಳೆಯನ್ನು 700ರ ಕೆಂಪಿಗಿಂತ ಸುಮಾರು 9 ಪಟ್ಟು ಹೆಚ್ಚು ಚದುರಿಸುತ್ತವೆ.

ಇದಕ್ಕಿಂತ ಅಗ್ಗದ ಪ್ರಯೋಗ ಊದಿನಕಡ್ಡಿಯದು. ಅದರ ಹೊಗೆ ಕಪ್ಪುಹಲಗೆಯ ಮುಂದೆ ನೀಲಿ, ತೆರೆದ ಬಾಗಿಲಿನ ಬೆಳಕಿಗೆ ಹಿಡಿದರೆ ಕಂದು.

ಆಕಾಶದ ನೀಲಿಯೂ ಇದೇ ಚದುರುವಿಕೆಯದು. ಆದರೆ ಆಕಾಶ ಯಾಕೆ ನೀಲಿ ಎಂದು ಕೇಳಿದರೆ, ಸಮುದ್ರವನ್ನೇ ಕಾಣದ ಮಕ್ಕಳೂ ‘ಸಮುದ್ರದ ಬಣ್ಣ ಆಕಾಶಕ್ಕೆ ಬಡಿದೈತ್ರಿ’ ಅನ್ನುತ್ತಾರೆ. ರ‍್ಯಾಲಿ ಇದನ್ನೇ ತಿರುವಿಹಾಕಿ, ಸಮುದ್ರದ ನೀಲಿ ಆಕಾಶದ ಪ್ರತಿಫಲನ ಎಂದಿದ್ದ. 1921ರಲ್ಲಿ ಹಡಗಿನಲ್ಲಿ ಬರುತ್ತಿದ್ದ ಸಿ.ವಿ. ರಾಮನ್, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಹಾಯಗೊಡುವ ನಿಕೋಲ್ ಪಟ್ಟಕ ಹಿಡಿದು ನೀರಿನ ಮೇಲ್ಮೈಯ ಪ್ರತಿಫಲನ ತಡೆದು ನೋಡಿದರು. ನೀಲಿ ಹಾಗೇ ಇತ್ತು. ನಮ್ಮಲ್ಲಿ ನಿಕೋಲ್ ಪಟ್ಟಕ ಎಲ್ಲಿಂದ ಬರಬೇಕು? ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಿಂದ ಬಿಡಿಸಿದ ಧ್ರುವೀಕರಣ ಹಾಳೆ ಸಾಕು. ಅದನ್ನು ಕಣ್ಣಿಗೆ ಹಿಡಿದು ಬರಣಿಯ ಪಕ್ಕದಿಂದ ನೋಡುತ್ತ ಕಾಲು ಸುತ್ತು ತಿರುಗಿಸಿದರೆ ನೀಲಿ ಕೋಲು ಮಸುಕಾಗುತ್ತದೆ, ಇನ್ನೂ ಕಾಲು ಸುತ್ತಿಗೆ ಮತ್ತೆ ಹೊಳೆಯುತ್ತದೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಬಯಲಿನಲ್ಲಿ ನಿಂತು ಬಡಗಣ ಆಕಾಶ ನೋಡಿದರೂ ಅದೇ ಆಟ.

“ಹಂಗಾದ್ರ ಆಕಾಶ ನೇರಳೆ ಯಾಕಿಲ್ರಿ ಸರ?” ಎಂದು ಒಬ್ಬಳು ಕೇಳಿದಳು. ಸೂತ್ರವನ್ನು ನಿಜವಾಗಿ ಓದಿದವರಷ್ಟೇ ಕೇಳುವ ಪ್ರಶ್ನೆ. ಬಿಸಿಲಿನಲ್ಲಿ ನೇರಳೆ ನೀಲಿಗಿಂತ ಕಡಿಮೆ, ನಮ್ಮ ಕಣ್ಣೂ ಅದಕ್ಕೆ ಮಂದ ಎಂದೆ. ಮರುದಿನ ಅವಳು ಅದೇ ಧ್ರುವೀಕರಣ ಹಾಳೆಯನ್ನು ಮೊಬೈಲಿನ ಪರದೆಯ ಮೇಲೆ ತಿರುಗಿಸುತ್ತ ಕೂತಿದ್ದಳು.